ಕೋಳಿಗೂಡಿನ ಇಲಿ ಎಲ್ಲಿಂದ ಬಂತು?

ಇಲಿಗೂ ಒಂದು ಚರಿತ್ರೆ ಇದೆ. ರಾಜರ ಚರಿತ್ರೆ ಬರೆದವರಿಗೆ ಅದು ಬೇಕಾಗಿರಲಿಲ್ಲ. ಪ್ಲೇಗಿನ ಪುಟ ಬಂದಾಗ ಮಾತ್ರ ಇಲಿ ನೆನಪಾಯಿತು. ನೆನಪಾದ ಕೂಡಲೇ ಅದರ ವಿಳಾಸವನ್ನೂ ಬರೆದುಬಿಟ್ಟರು: ಬಡವರ ಗುಡಿಸಲು, ಕೇರಿ, ಹಿತ್ತಲ ಕೋಳಿಗೂಡು. ‘ಅವರು ಕೋಳಿ ಸಾಕ್ತಾರೆ, ಗಲೀಜು ಮಾಡ್ತಾರೆ, ಅದಕ್ಕೇ ಇಲಿ’ ಅನ್ನೋ ಮಾತು ಇವತ್ತಿಗೂ ಸತ್ತಿಲ್ಲ. ಈ ಮಾತಿನ ಬುಡ ಅಗೆದು ನೋಡಬೇಕಾಗಿದೆ.

ಕೋಳಿ, ಇಲಿ ಎರಡೂ ಕಾಳಿನ ಹಿಂದೆ ಬಂದವು. ಕಾಡಿನ ಕೆಂಪು ಕೋಳಿ ಊರಿಗೆ ಇಳಿದದ್ದೇ ಗದ್ದೆಯಲ್ಲಿ ಉದುರಿದ ಭತ್ತ, ಸಾವೆ, ನವಣೆ ಹೆಕ್ಕಲು ಅಂತ ಈಗಿನ ವಿಜ್ಞಾನಿಗಳು ಹೇಳ್ತಾರೆ. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ ಮೂಳೆಗಳನ್ನು ನೋಡಿ, ಸುಮಾರು 3,500 ವರ್ಷದ ಹಿಂದೆ ಇದು ನಡೆದಿರಬೇಕು ಅಂತ 2022ರಲ್ಲಿ ಬರೆದರು. ಇಲಿಯದೂ ಅದೇ ದಾರಿ. ಕಣಜ ಹುಟ್ಟಿದ ದಿನವೇ ಮನೆಯ ಇಲಿ ಹುಟ್ಟಿತು ಅಂದರೂ ಸರಿ. ಇಲಿಗೆ ಜಾತಿ ತಿಳಿಯದು, ಕಾಳು ತಿಳಿಯುತ್ತದೆ. ಹಾಗಾದರೆ ಊರಿನಲ್ಲಿ ಕಾಳು ಯಾರ ಮನೇಲಿತ್ತು? ಹಗೇವು ಯಾರದು, ವಾಡೆ ಯಾರದು? ಕೂಲಿಗೆ ಅಳೆದು ಕೊಟ್ಟ ಮೂರು ಸೇರು ರಾಗಿ ಇಲಿ ಸಂಸಾರ ಹೂಡುವಷ್ಟು ದಿನ ಗುಡಿಸಲಿನಲ್ಲಿ ಉಳಿಯುತ್ತಿತ್ತೇ?

1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯಲ್ಲಿ ಪ್ಲೇಗು ಕಾಣಿಸಿಕೊಂಡದ್ದು ಮಾಂಡವಿಯಲ್ಲಿ. ಅದು ಬಂದರಿನ ಪಕ್ಕದ ಜಾಗ, ವ್ಯಾಪಾರಿಗಳ ಕಾಳಿನ ಗೋದಾಮುಗಳ ಜಾಗ. ಇಲಿಗಳು ಸತ್ತು ಬಿದ್ದದ್ದು ಅಲ್ಲಿ. ಸರಕಾರದ ಸಲಿಕೆ, ಗುದ್ದಲಿ ಹೋಗಿದ್ದು ಮಾತ್ರ ಕೂಲಿಗಳ ಬಿಡಾರಗಳಿಗೆ. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನು ಬಂತು. ಮನೆ ಹೊಕ್ಕು ಹುಡುಕಿದರು. ನೆಲ ಅಗೆದರು, ಹಾಸಿಗೆ ಸುಟ್ಟರು, ಗೋಡೆ ಮೇಲೆ ‘ಯು.ಎಚ್.ಎಚ್.’ ಅಂತ ಬರೆದರು. ಮನುಷ್ಯರ ವಾಸಕ್ಕೆ ಲಾಯಕ್ಕಿಲ್ಲ ಅಂತ ಅದರ ಅರ್ಥ. ಮನೆ ಕೆಡವಿದರೆ ಇಲಿ ಸಾಯುತ್ತದೆಯೇ? ಪಕ್ಕದ ಮನೆಗೆ ಓಡುತ್ತದೆ, ರೋಗವನ್ನೂ ಹೊತ್ತುಕೊಂಡು. ಇದನ್ನು ಹೇಳಲು ಡಾಕ್ಟರು ಬೇಕಿಲ್ಲ, ಹಿತ್ತಲಲ್ಲಿ ಒಂದು ಬಿಲ ಅಗೆದವರು ಸಾಕು.

ಅದೇ 1897ರ ಮಾರ್ಚ್ 10ರಂದು ಪುಣೆಯಲ್ಲಿ, ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಿದ್ದ ಸಾವಿತ್ರಿಬಾಯಿ ಫುಲೆಯವರು ಅದೇ ರೋಗ ತಗುಲಿ ತೀರಿಕೊಂಡರು. ಇಲಿಯ ಮೈಮೇಲಿನ ಚಿಗಟ ರೋಗ ಹರಡುತ್ತದೆ ಅಂತ ಸಿಮೊಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದು ಮರುವರ್ಷ, 1898ರಲ್ಲಿ. ದೊಡ್ಡವರು ಬಹಳ ದಿನ ಅವನ ಮಾತು ನಂಬಲಿಲ್ಲ.

1898ರಲ್ಲೇ ಬೆಂಗಳೂರಿಗೂ ಪ್ಲೇಗು ಬಂತು. ಅದರ ಬೆನ್ನಿಗೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಗಾಳಿ ಬೆಳಕಿನ ಅಗಲ ಬೀದಿಗಳು. ಅಲ್ಲಿಗೆ ಹೋಗಲು ಕೈಯಲ್ಲಿ ದುಡ್ಡಿರಬೇಕಿತ್ತು. ಹಳ್ಳಿಗಳಲ್ಲಿ ಇಲಿ ಬಿತ್ತು ಅಂದರೆ ಜನ ತಾವಾಗಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಅನಂತಮೂರ್ತಿಯವರ ‘ಸಂಸ್ಕಾರ’ ಓದಿದ ಮೇಷ್ಟ್ರುಗಳಿಗೆಲ್ಲ ಅಗ್ರಹಾರದಲ್ಲಿ ಬಿದ್ದ ಇಲಿ ನೆನಪಿದೆ. ಅದೇ ಕಾದಂಬರಿಯ ಕೇರಿಯಲ್ಲಿ ಹೆಣದ ಸಮೇತ ಸುಟ್ಟ ಗುಡಿಸಲು ಎಷ್ಟು ಜನಕ್ಕೆ ನೆನಪಿದೆಯೋ!

1905ರಿಂದ ಬೊಂಬಾಯಿಯಲ್ಲಿ ಪ್ಲೇಗ್ ಸಂಶೋಧಕರು ಒಂದು ಪರೀಕ್ಷೆ ಮಾಡಿದರು. ರೋಗದ ಇಲಿಯ ಚಿಗಟ ಇರುವ ಕಡೆ ಗಿನಿಪಿಗ್ ಎಂಬ ಸಣ್ಣ ಪ್ರಾಣಿಗಳನ್ನು ಪಂಜರದಲ್ಲಿಟ್ಟು ತೂಗುಹಾಕಿದರು. ನೆಲದಿಂದ ಎರಡಂಗುಲ ಮೇಲಿದ್ದವಕ್ಕೆ ರೋಗ ಬಂತು. ಎರಡಡಿ ಮೇಲಿದ್ದವಕ್ಕೆ ಬರಲಿಲ್ಲ. ಚಿಗಟ ಅಷ್ಟೆತ್ತರ ಹಾರಲಾರದು. ಸರಕಾರದ ಲೆಕ್ಕದಲ್ಲಿ ಇದು ದೊಡ್ಡ ಶೋಧ, ನಿಜವೂ ಹೌದು. ಆದರೆ ಗೂಡನ್ನು ನೆಲದಿಂದ ಎತ್ತರಿಸಿ ಕಟ್ಟುವ ಬುದ್ಧಿ ನಮ್ಮ ಅವ್ವಂದಿರಿಗೆ ಮೊದಲಿಂದ ಇತ್ತು. ಅವರ ಲೆಕ್ಕ ಚಿಗಟದ್ದಲ್ಲ, ಹೆಗ್ಗಣದ್ದು. ಕೈಲಾಗದವರು ಸಂಜೆ ಪಿಳ್ಳೆಗಳ ಮೇಲೆ ಮಂಕರಿ ಕವುಚಿ ಕಲ್ಲು ಹೇರುತ್ತಿದ್ದರು. ಹೆಗ್ಗಣ ಅಡಿಯಿಂದ ಕೊರೆದುಕೊಂಡು ಬಂದರೆ ಬೆಳಗ್ಗೆ ಪಿಳ್ಳೆಗಳ ರೆಕ್ಕೆಪುಕ್ಕ ಮಾತ್ರ ಸಿಗುತ್ತಿತ್ತು. ಒಂದು ಹ್ಯಾಟೆಯ ಮೊಟ್ಟೆ ಮಾರಿ ಉಪ್ಪು, ಸೀಮೆಎಣ್ಣೆ, ಮಗನ ಸ್ಲೇಟು ತರುವ ಮನೆಗೆ ಅದು ಸಣ್ಣ ನಷ್ಟವಲ್ಲ. ಇಲಿ ಸಾಕಿದವರು ಅಂತ ಬೈಸಿಕೊಂಡವರೇ ಇಲಿಯಿಂದ ಹೆಚ್ಚು ಕಳಕೊಂಡವರು.

ಆಮೇಲೆ ಔಷಧಿ ಬಂತು. ವಾರ್ಫರಿನ್ ಅನ್ನೋ ವಿಷ 1948ರಲ್ಲಿ ಅಮೆರಿಕದಲ್ಲಿ ಇಲಿಗೆ ಅಂತ ಮಾರಾಟಕ್ಕೆ ಬಂತು. 1954ರಲ್ಲಿ ಅದನ್ನೇ ರಕ್ತ ಹೆಪ್ಪುಗಟ್ಟದಂತೆ ಮನುಷ್ಯರಿಗೂ ಕೊಟ್ಟರು. ನಮ್ಮ ಕಡೆ ಅಂಗಡಿಯಲ್ಲಿ ಸಿಕ್ಕಿದ್ದು ಕರಿ ಪುಡಿ, ಸತುವಿನ ಫಾಸ್ಫೈಡು. ಹೊಟ್ಟೆಗೆ ಹೋದರೆ ವಿಷಗಾಳಿಯಾಗುತ್ತದೆ. ಹಿಟ್ಟಿಗೆ ಕಲಸಿ ಗೂಡಿನ ಪಕ್ಕ ಇಟ್ಟರೆ ಇಲಿಗಿಂತ ಮೊದಲು ಕೋಳಿ ತಿನ್ನುತ್ತದೆ, ಅಂಬೆಗಾಲಿಡುವ ಕೂಸೂ ಬಾಯಿಗೆ ಹಾಕಬಹುದು. ಕೊಟ್ಟಿಗೆ, ಅಂಗಳ, ಮನೆ ಎಲ್ಲ ಬೇರೆ ಬೇರೆ ಇರುವವರಿಗೆ ಮಾಡಿದ ಔಷಧಿ ಅದು. ಒಂದೇ ಸೂರಿನಡಿ ಕೂಸು, ಕೋಳಿ, ಒಲೆ ಇರುವವರ ವಿಷಯ ಯಾರೂ ಯೋಚಿಸಲಿಲ್ಲ.

1966ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ಕಂಡ ಪ್ಲೇಗಿನ ನಂತರ ಇಂಡಿಯಾದಲ್ಲಿ ಅದು ಮುಗಿಯಿತು ಅಂದುಕೊಂಡಿದ್ದರು. 1994ರಲ್ಲಿ ಸೂರತ್ತಿನ ಸುದ್ದಿ ಬಂತು. ಮತ್ತೆ ಕೊಳೆಗೇರಿಯ ಕಡೆಗೇ ಬೆರಳು.

ಶಾಲೆಯಲ್ಲಿ ಮೇಷ್ಟ್ರುಗಳು ಮಕ್ಕಳ ಹತ್ತಿರ ಇದನ್ನು ಲೆಕ್ಕ ಹಾಕಿಸಬಹುದು. ಊರಿನ ಇಲಿಬಿಲಗಳು ಎಲ್ಲೆಲ್ಲಿವೆ? ಸೊಸೈಟಿ ಗೋದಾಮಿನ ಹಿಂದೆ ಎಷ್ಟು, ರೈಸ್‌ಮಿಲ್ಲಿನ ಹಿಂದೆ ಎಷ್ಟು, ಕೇರಿಯಲ್ಲಿ ಎಷ್ಟು? ಎಣಿಸಿ ಬರೆದು ಪಂಚಾಯ್ತಿಗೆ ಕೊಡಲಿ. ಗೂಡಿನ ಮಟ್ಟಿಗೆ ಕೆಲಸ ಇಷ್ಟೆ: ಉಳಿದ ನುಚ್ಚನ್ನು ಸಂಜೆಯೇ ಗುಡಿಸಿ ತಗಡಿನ ಡಬ್ಬಿಗೆ ಹಾಕಿ ಮುಚ್ಚುವುದು, ಮೊಟ್ಟೆಯನ್ನು ರಾತ್ರಿಗೆ ಬಿಡದಿರುವುದು, ಗೂಡನ್ನು ಎರಡಡಿ ಎತ್ತರಿಸುವುದು, ಸುತ್ತ ಸೌದೆ ಒಟ್ಟದಿರುವುದು. ಜಾಲರಿಯ ಕಣ್ಣು ಅರ್ಧ ಅಂಗುಲ ಮೀರಬಾರದು. ಪೇಟೆಯಲ್ಲಿ ‘ಕೋಳಿ ಜಾಲರಿ’ ಅಂತ ಕೊಡುವ ದೊಡ್ಡ ಕಣ್ಣಿನದು ಕೋಳಿಯನ್ನು ತಡೆಯುತ್ತದೆ, ಇಲಿಯನ್ನಲ್ಲ. ಸಣ್ಣ ಕಣ್ಣಿನದಕ್ಕೆ ದುಡ್ಡು ಜಾಸ್ತಿ. ಕೋಳಿಮರಿ ಹಂಚುವ ಯೋಜನೆಗಳು ಬಂದಾಗ ಮರಿಯ ಜೊತೆ ಈ ಜಾಲರಿಯನ್ನೂ ಕೇಳಿ ಪಡೆಯಬೇಕು.