ಹೆತ್ತವರ ಅನ್ನ, ಮಗುವಿನ ಮೈ

ಎಂಟು ದಶಕಗಳ ಹಿಂದೆ, ವಿಶಾಖಪಟ್ಟಣದಿಂದ ಗೋದಾವರಿಯ ಕಡೆಗೆ ಚಾಚಿದ ಕರಾವಳಿಯಲ್ಲಿ ಎಳೆಗೂಸುಗಳು ಸಾಯುತ್ತಿದ್ದ ರೀತಿ ವಿಚಿತ್ರವಾಗಿತ್ತು. ಸಾಮಾನ್ಯವಾಗಿ ಹುಟ್ಟಿದ ಮೊದಲ ತಿಂಗಳೇ ಶಿಶುವಿಗೆ ಗಂಡಾಂತರದ ಕಾಲ. ಇಲ್ಲಿ ಆ ತಿಂಗಳನ್ನು ದಾಟಿದ, ತಾಯಿಯ ಹಾಲು ಕುಡಿದುಕೊಂಡಿದ್ದ ಮಕ್ಕಳು ಎರಡರಿಂದ ಐದು ತಿಂಗಳೊಳಗೆ ಹೆಚ್ಚಾಗಿ ತೀರಿಕೊಳ್ಳುತ್ತಿದ್ದವು. ಕೂನೂರಿನ ಆಹಾರ ಸಂಶೋಧನಾಲಯದಲ್ಲಿದ್ದ ಅಯ್‌ಕ್ರಾಯ್ಡ್ ಮತ್ತು ಕೃಷ್ಣನ್ ಮದ್ರಾಸ್ ಪ್ರಾಂತ್ಯದ ಈ ಬೆರಿಬೆರಿ ಸೀಮೆಯ ಶಿಶುಮರಣದ ಲೆಕ್ಕವನ್ನು 1941ರಲ್ಲಿ ಪ್ರಕಟಿಸಿದರು. ಕೂಸಿಗೆ ಬಂದ ರೋಗದ ಮೂಲ ಹಾಲಿನಲ್ಲಿತ್ತು. ಹಾಲಿನ ಕೊರತೆಯ ಮೂಲ ತಾಯಿ ಉಣ್ಣುತ್ತಿದ್ದ ಅನ್ನದಲ್ಲಿತ್ತು.

ಗಿರಣಿಯಲ್ಲಿ ಬೆಳ್ಳಗೆ ಪಾಲಿಷ್ ಮಾಡಿದ ಬೆಳ್ತಿಗೆ ಅಕ್ಕಿ ಅದು. ತೌಡಿನ ಜೊತೆ ಬಿ1 ಜೀವಸತ್ವವೂ ಹೋಗಿರುತ್ತದೆ. ಅಕ್ಕಿ ತೊಳೆದ ನೀರು, ಬಸಿದ ಗಂಜಿ ಉಳಿದದ್ದನ್ನೂ ಕೊಂಡೊಯ್ಯುತ್ತವೆ. ತಮಿಳರು, ನಮ್ಮ ದಕ್ಷಿಣ ಕನ್ನಡದವರು ಉಣ್ಣುವ ಕುಚ್ಚಲಕ್ಕಿಯ ಕಥೆ ಬೇರೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ಆ ಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ, ಗಿರಣಿಗೆ ಹಾಕಿದರೂ ಬಹುಪಾಲು ಉಳಿಯುತ್ತದೆ. ಹಾಗಾಗಿಯೇ ಅಷ್ಟೇ ಅನ್ನ ಉಣ್ಣುವ ತಮಿಳು ಜಿಲ್ಲೆಗಳಲ್ಲಿ ಬೆರಿಬೆರಿ ಅಪರೂಪವಾಗಿತ್ತು.

ಇಂದು ಅದೇ ಕರಾವಳಿಯ ಮಕ್ಕಳ ವೈದ್ಯರು ಹೆತ್ತವರೊಂದಿಗೆ ಮಾತನಾಡಬೇಕಾಗಿರುವುದು ಬೊಜ್ಜಿನ ಬಗ್ಗೆ. ರೋಗ ತಿರುಗುಮುರುಗಾಗಿದೆ, ಪ್ರಶ್ನೆ ಮಾತ್ರ ಹಳೆಯದೇ: ಹೆತ್ತವರು ಉಂಡದ್ದು ಮಕ್ಕಳ ಮೈಗೆ ಹೇಗೆ ಬರುತ್ತದೆ? ಉತ್ತರ ಹುಡುಕಲು ಆ ಬಿಳಿ ಅನ್ನ ಎಲ್ಲಿಂದ ಬಂತೆಂದು ನೋಡಬೇಕು.

1832–33ರಲ್ಲಿ ಗುಂಟೂರು ಸೀಮೆಯಲ್ಲಿ ಭೀಕರ ಬರ ಬಿತ್ತು. ಅಲ್ಲಿದ್ದ ಸುಮಾರು ಐದು ಲಕ್ಷ ಜನರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಸತ್ತರೆಂದು ಅಂದಾಜು. ಆ ನೆನಪು ಇನ್ನೂ ಹಸಿಯಾಗಿರುವಾಗಲೇ ಆರ್ಥರ್ ಕಾಟನ್ ಧವಳೇಶ್ವರದಲ್ಲಿ ಗೋದಾವರಿಗೆ ಅಣೆಕಟ್ಟು ಕಟ್ಟಿಸಿದ. 1847ರಲ್ಲಿ ಶುರುವಾದ ಕೆಲಸ 1852ಕ್ಕೆ ಮುಗಿಯಿತು. ಮಹಾರಾಷ್ಟ್ರದಲ್ಲಿ ಹುಟ್ಟಿ ನಮ್ಮ ವಿಜಯಪುರ, ರಾಯಚೂರುಗಳನ್ನು ಹಾದುಹೋಗುವ ಕೃಷ್ಣೆಗೆ ಬೆಜವಾಡದಲ್ಲಿ, ಎಂದರೆ ಈಗಿನ ವಿಜಯವಾಡದಲ್ಲಿ, 1855ರ ಹೊತ್ತಿಗೆ ಅಣೆ ಬಿತ್ತು. ಈಗ ಅಲ್ಲಿರುವ ಪ್ರಕಾಶಂ ಬ್ಯಾರೇಜ್ 1957ರದು.

ಕಾಲುವೆ ಹೋದಲ್ಲೆಲ್ಲ ಭತ್ತ ಹೋಯಿತು, ಭತ್ತದ ಹಿಂದೆ ಗಿರಣಿ ಬಂತು. ಒನಕೆಯಲ್ಲಿ ಕುಟ್ಟಿದ ಕೆಂಚು ಅಕ್ಕಿಯ ಬದಲು ಮಲ್ಲಿಗೆಯಂಥ ಅನ್ನ ಬಡಿಸುವುದು ಮನೆಯ ಮರ್ಯಾದೆಯಾಯಿತು. ಉತ್ತರಾಂಧ್ರದ ರಾಗಿ ಅಂಬಲಿ ಬಡವರ ಪಾಲಿಗೆ ಉಳಿಯಿತು. ಮುಂದೆ 1983ರಲ್ಲಿ ಎನ್. ಟಿ. ರಾಮರಾವ್ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಟ್ಟಾಗ ಆ ಬಡವರ ಮನೆಗೂ ಅನ್ನ ಬಂತು. ಇದನ್ನು ಹಗುರವಾಗಿ ಕಾಣಬಾರದು. ಹಸಿದು ಮಲಗಿದ್ದ ಮನೆಗಳು ಉಂಡು ಮಲಗಿದವು.

ಆದರೆ ಹಸಿವು ಕಲಿಸಿದ ರೂಢಿಗಳು ಹಸಿವಿನ ಜೊತೆ ಹೋಗುವುದಿಲ್ಲ. ತಟ್ಟೆಯಲ್ಲಿ ಅಗುಳು ಬಿಡಬಾರದು, ಸಾಕು ಅಂದವರಿಗೂ ಇನ್ನೊಂದು ಸೌಟು ಬಡಿಸಬೇಕು, ಚಂದಮಾಮನನ್ನು ತೋರಿಸಿಯಾದರೂ ಮಗುವಿನ ಬಾಯಿಗೆ ಕೊನೆಯ ತುತ್ತು ಇಡಬೇಕು, ದುಂಡಗಿದ್ದರೆ ಮಗು ಚೆನ್ನಾಗಿದೆ. ಬರ ಕಂಡ ಅಜ್ಜಿಗೆ ಇದು ವಿವೇಕ. ಅಂದು ಆ ತುತ್ತಿನ ಹಿಂದೆ ಗದ್ದೆಯ ದುಡಿಮೆಯಿತ್ತು. ಇಂದು ಅದೇ ಅನ್ನದ ಮೇಲೆ ತುಪ್ಪ, ಸಂಜೆಗೆ ವಿಜಯವಾಡದ ಬೀದಿಯ ಬಿಸಿ ಪುನುಗುಲು, ರಾತ್ರಿ ಟಿ.ವಿ. ಮುಂದೆ ಊಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 24 ಮಂದಿಗೆ ಅತಿತೂಕವಿದ್ದರೆ, ಆಂಧ್ರಪ್ರದೇಶದಲ್ಲಿ ಅದು ಸುಮಾರು ಶೇ 36. ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕ ದೇಶದಾದ್ಯಂತ ಶೇ 2.1ರಿಂದ 3.4ಕ್ಕೆ ಏರಿತು. ಸಂಖ್ಯೆ ಇನ್ನೂ ಸಣ್ಣದು, ಆದರೆ ಏರುತ್ತಿದೆ.

‘ಅದು ವಂಶದಲ್ಲೇ ಇದೆ ಬಿಡಿ’ ಎನ್ನುವವರ ಮಾತಿನಲ್ಲಿ ಸುಳ್ಳಿಲ್ಲ. 1986ರಲ್ಲಿ ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದು ದೊಡ್ಡವರಾದವರ ಮೈಕಟ್ಟನ್ನು ಹೋಲಿಸಿ ನೋಡಿದರು. ಅದು ಸಾಕಿದವರನ್ನಲ್ಲ, ಹೆತ್ತವರನ್ನು ಹೋಲುತ್ತಿತ್ತು. ಆದರೆ ಅವರೆಲ್ಲ ಒಂದೇ ದೇಶದ, ಹೆಚ್ಚುಕಡಿಮೆ ಒಂದೇ ಬಗೆಯ ಊಟದ ನಡುವೆ ಬೆಳೆದವರು. ಒಂದು ಪಂಕ್ತಿಯಲ್ಲಿ ಯಾರು ಬೇಗ ದಪ್ಪಗಾಗುತ್ತಾರೆ ಎಂಬುದನ್ನು ವಂಶವಾಹಿ ಹೇಳಬಲ್ಲದು. ಇಡೀ ಪಂಕ್ತಿಯೇ ಏಕೆ ದಪ್ಪಗಾಯಿತು ಎಂಬುದನ್ನು ಹೇಳಲಾರದು. ನಾಲ್ಕು ತಲೆಮಾರಿನಲ್ಲಿ ರಕ್ತ ಬದಲಾಗಲಿಲ್ಲ, ಊಟ ಬದಲಾಯಿತು.

ಆ ಬದಲಾವಣೆ ಮಗುವನ್ನು ಮುಟ್ಟುವುದು ಎರಡು ದಾರಿಯಲ್ಲಿ. ಒಂದು, ಗರ್ಭದಲ್ಲಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದಗಳನ್ನು ಬರೆದಿಟ್ಟಿತ್ತು. ಅಲ್ಲೇ 1997–98ರಲ್ಲಿ ಗರ್ಭಿಣಿಯರ ರಕ್ತದ ಸಕ್ಕರೆ ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಲಾಯಿತು. ಬಸಿರಿನಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಚರ್ಮದಡಿಯ ಕೊಬ್ಬು ಹೆಚ್ಚಿತ್ತು. ಮಧುಮೇಹಕ್ಕೆ ಊಟವೊಂದೇ ಕಾರಣವಲ್ಲ, ನಿಜ. ಆದರೂ ತಾಯಿಯ ಮೈಯ ಸಕ್ಕರೆ ಮಗುವಿನ ಮೈಯಲ್ಲಿ ಗುರುತು ಬಿಡುತ್ತದೆ ಎಂಬುದು ನಮ್ಮೂರಿನ ದಾಖಲೆಯಿಂದಲೇ ತಿಳಿಯಿತು.

ಎರಡನೆಯ ದಾರಿ ಪಂಕ್ತಿಯದು. ಅಮೆರಿಕದ ಲಿಯಾನ್ ಬರ್ಚ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಪುಟ್ಟ ಮಕ್ಕಳಿಗೆ ಹೊಟ್ಟೆಯ ಮಾತು ಕೇಳಲು ಹೇಳಿಕೊಟ್ಟರು, ಇನ್ನು ಕೆಲವರಿಗೆ ತಟ್ಟೆ ಖಾಲಿ ಮಾಡಲು. ಮೊದಲ ಗುಂಪು ಮುಂಚೆ ತಿಂದ ತಿಂಡಿ ಎಷ್ಟು ಭಾರವಾಗಿತ್ತೋ ನೋಡಿಕೊಂಡು ಊಟ ಕಡಿಮೆ ಮಾಡಿತು. ಎರಡನೆಯ ಗುಂಪಿಗೆ ಆ ಲೆಕ್ಕ ತಪ್ಪಿತು. ನಾವು ಪ್ರೀತಿಯಿಂದ ಇಡುವ ಕೊನೆಯ ತುತ್ತು ಮಾಡುವುದೂ ಇದನ್ನೇ.

ಆಂಧ್ರದ ಸರ್ಕಾರಿ ಶಾಲೆಗಳಲ್ಲಿ 2023ರಲ್ಲಿ ಮಕ್ಕಳಿಗೆ ರಾಗಿ ಜಾವ ಕೊಡಲು ಶುರುಮಾಡಿದರು. ಮರ್ಯಾದೆ ಸಾಲದೆಂದು ಮನೆಯಿಂದ ಹೊರಟ ಧಾನ್ಯ ಶಾಲೆಯ ಬಾಗಿಲಿಂದ ಮರಳಿತು. ಆದರೆ ಅದು ಮಗುವಿನ ಲೋಟಕ್ಕೆ ಮಾತ್ರ ಬಂದರೆ ಸಾಲದು. ಮನೆಯಲ್ಲಿ ದೊಡ್ಡವರ ತಟ್ಟೆಯಲ್ಲಿ ಅನ್ನದ ಗುಡ್ಡವೇ ಇದ್ದರೆ, ರಾಗಿ ಎಂದರೆ ಶಾಲೆಯ ಶಿಸ್ತು, ಅನ್ನ ಎಂದರೆ ದೊಡ್ಡವರ ಸುಖ ಎಂದು ಮಗು ತಿಳಿಯುತ್ತದೆ.

1941ರ ಆ ತಾಯಂದಿರನ್ನು ಯಾರೂ ದೂರುವಂತಿರಲಿಲ್ಲ. ಕಾಲುವೆ, ಗಿರಣಿ, ಮರ್ಯಾದೆ ಎಲ್ಲ ಸೇರಿ ಬಡಿಸಿದ್ದನ್ನು ಅವರು ಉಂಡರು. ಇಂದಿನ ಹೆತ್ತವರನ್ನು ದೂರುವುದೂ ನ್ಯಾಯವಲ್ಲ. ಆದರೆ ಅಂದು ಕೂಸಿಗೆ ಮದ್ದು ಹಾಕಿದರಷ್ಟೇ ಸಾಲುತ್ತಿರಲಿಲ್ಲ, ತಾಯಿಯ ಅಕ್ಕಿ ಬದಲಾಗಬೇಕಿತ್ತು. ಇಂದೂ ಅಷ್ಟೇ: ಮಗುವನ್ನೊಂದೇ ಪಥ್ಯಕ್ಕೆ ಕೂರಿಸುವ ಮೊದಲು ಮನೆಯವರೆಲ್ಲ ಒಂದೇ ಊಟಕ್ಕೆ ಕೂರಬೇಕು. ಮಗು ಸಾಕು ಎಂದಾಗ ಸೌಟನ್ನು ಪಾತ್ರೆಗೆ ಮರಳಿಸಬೇಕು.