ಜೀಪಿನ ಕೆಳಗಿನ ಎಣ್ಣೆ ಕಲೆ

ಎತ್ತಿನ ಗಾಡಿಯ ಕಾಲದಲ್ಲಿ ಎಣ್ಣೆ ಸೋರುವುದು ಯಾರಿಗೂ ದೊಡ್ಡ ತಲೆನೋವಾಗಿರಲಿಲ್ಲ. ಅಚ್ಚಿಗೆ ಕೀಲೆಣ್ಣೆ ಸವರಿದರೆ ಆಯ್ತು, ಒಣಗಿದರೆ ಇನ್ನೊಂದು ಸಲ ಸವರಿದರಾಯ್ತು. ಹಲ್ಲಿನ ಚಕ್ರಗಳನ್ನು ಎಣ್ಣೆ ತುಂಬಿದ ಪೆಟ್ಟಿಗೆಯೊಳಗೆ ಕೂರಿಸಿ, ಅದರ ಗೋಡೆಯಿಂದ ಶಾಫ್ಟನ್ನು ಹೊರಗೆ ತಂದಾಗ ಶುರುವಾಯ್ತು ನೋಡಿ ಪೀಕಲಾಟ. ಶಾಫ್ಟು ಸಲೀಸಾಗಿ ತಿರುಗಬೇಕು, ಎಣ್ಣೆ ಮಾತ್ರ ಹೊರಗೆ ಬರಬಾರದು!

ಮೊದಮೊದಲು ಇದಕ್ಕೆ ಉಣ್ಣೆಯ ಫೆಲ್ಟು, ತೊಗಲಿನ ಬಳೆ ಬಳಸುತ್ತಿದ್ದರು. ಜರ್ಮನಿಯ ವೈನ್‌ಹೈಮ್ ಊರಿನ ಫ್ರಾಯ್ಡೆನ್‌ಬರ್ಗ್ ಕಂಪನಿ ಮೂಲತಃ ತೊಗಲು ಹದ ಮಾಡುವ ಕಾರ್ಖಾನೆ. ಅಲ್ಲಿನ ಇಂಜಿನಿಯರ್ ವಾಲ್ಟರ್ ಸಿಮ್ಮರ್ ಹೆಸರಿನಲ್ಲೇ 'ಸಿಮ್ಮರಿಂಗ್' ಎಂಬ ಆಯಿಲ್ ಸೀಲ್ ಬಂತು. ಮೊದಲು ತೊಗಲಿನದು, 1930ರ ದಶಕದಲ್ಲೇ ತೊಗಲಿನ ಜಾಗಕ್ಕೆ ಕೃತಕ ರಬ್ಬರ್ ಬಂತು. ಇವತ್ತು ಗ್ಯಾರೇಜಿನಲ್ಲಿ ಕೊಡುವ ಕಪ್ಪು ಸೀಲ್ ಅದೇ ವಂಶದ್ದು.

ಅಷ್ಟರಲ್ಲಿ ಯುದ್ಧ ಬಂತು. ಅಮೆರಿಕದ ಸೈನ್ಯ ಕೇಳಿದ ಹಗುರ ಗಾಡಿಯ ಮೊದಲ ಮಾದರಿಯನ್ನು ಬ್ಯಾಂಟಮ್ ಕಂಪನಿ 1940ರ ಸೆಪ್ಟೆಂಬರ್ 23ರಂದು ಒಪ್ಪಿಸಿತು. ಆಮೇಲೆ ವಿಲ್ಲಿಸ್, ಫೋರ್ಡ್ ಸೇರಿ ಲಕ್ಷಗಟ್ಟಲೆ ಜೀಪು ಮಾಡಿದರು. ನಾಲ್ಕೂ ಚಕ್ರಕ್ಕೆ ಶಕ್ತಿ ಅಂದರೆ ಮುಂದೊಂದು ಆಕ್ಸಲ್, ನಡುವೆ ಟ್ರಾನ್ಸ್‌ಫರ್ ಕೇಸ್. ಅಂದರೆ ಎಣ್ಣೆ ಹೊರಬರೋಕೆ ಇನ್ನಷ್ಟು ಬಾಗಿಲು! ಮುಂದಿನ ಚಕ್ರ ತಿರುಗುವ ಗುಂಡನೆಯ ಕೀಲಿಗಂತೂ ಹಳೇ ಫೆಲ್ಟೇ ಗತಿಯಾಯ್ತು.

1947ರಲ್ಲಿ ಮಹೀಂದ್ರಾ ಕಂಪನಿ ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿತು. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಜೀಪು ಮನೆಮಗನಂತಾಯ್ತು. ಜೊತೆಗೆ ಶೆಡ್ಡಿನ ನೆಲದ ಎಣ್ಣೆ ಕಲೆಯೂ ಬಂತು. 'ಜೀಪು ಅಂದ್ಮೇಲೆ ಸೋರದೇ ಇರುತ್ತಾ?' ಅನ್ನೋ ಉಡಾಫೆಯೂ ಬಂತು.

ಈ ಉಡಾಫೆಯೇ ಅಪಾಯ. ಹಿಂದಿನ ಆಕ್ಸಲ್ ತುದಿಯ ಸೀಲ್ ಹೋದರೆ ಎಣ್ಣೆ ನೆಲಕ್ಕೆ ಬೀಳುವ ಮೊದಲೇ ಬ್ರೇಕ್ ಡ್ರಮ್ಮಿಗೆ ಇಳಿಯುತ್ತೆ. ಲೈನರ್ ನೆನೆದ ಗಾಡಿಯನ್ನು ಚಾರ್ಮಾಡಿ ಘಾಟಿಯಲ್ಲಿ ಇಳಿಸೋದು ಅಂದರೆ ಜೀವದ ಜೊತೆ ಜೂಜು.

ಹಾಗಂತ ಕಲೆ ಕಂಡ ಕೂಡಲೇ ಸೀಲ್ ಬದಲಿಸಬೇಡಿ. ಗಾಳಿಗೆ ಎಣ್ಣೆ ಹಿಂದಕ್ಕೆ ಹರಡಿರುತ್ತೆ. ಮೊದಲು ಪೂರ್ತಿ ತೊಳೆದು, ಓಡಿಸಿ, ಮೂಲ ಹುಡುಕಿ. ಆಮೇಲೆ ಆಕ್ಸಲ್ ಮೇಲಿನ ಬ್ರೀದರ್ ನೋಡಿ. ಆ ಪುಟ್ಟ ರಂಧ್ರ ಕೆಸರಿನಿಂದ ಮುಚ್ಚಿದರೆ, ಬಿಸಿಯಾಗಿ ಹಿಗ್ಗಿದ ಗಾಳಿ ಎಣ್ಣೆಯನ್ನು ಸೀಲಿನಾಚೆಗೆ ತಳ್ಳುತ್ತೆ. ಬಿಸಿ ಆಕ್ಸಲ್ ಹಳ್ಳಕ್ಕಿಳಿದರೆ ಉಲ್ಟಾ: ಒಳಗಿನ ಗಾಳಿ ಕುಗ್ಗಿ ನೀರನ್ನೇ ಎಳೆದುಕೊಳ್ಳುತ್ತೆ, ಎಣ್ಣೆ ಹಾಲು ಬೆರೆಸಿದ ಕಾಫಿಯಂತಾಗುತ್ತೆ. ಬ್ರೀದರ್ ಕಟ್ಟಿದಾಗ ಸೀಲ್ ಬದಲಿಸೋದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂಗೆ.

ಇನ್ನೊಂದು ಮಾತು. ವರ್ಷಗಟ್ಟಲೆ ಉಜ್ಜಿ ಶಾಫ್ಟಿನ ಮೇಲೆ ಗೆರೆ ಬಿದ್ದಿದ್ದರೆ ಎಷ್ಟು ಒಳ್ಳೇ ಸೀಲ್ ಹಾಕಿದರೂ ಸೋರುತ್ತೆ. ಉಗುರಿನಿಂದ ಸವರಿ ನೋಡಿ. ಉಗುರು ಸಿಕ್ಕಿಕೊಂಡರೆ ತೆಳು ಉಕ್ಕಿನ ಸ್ಲೀವ್ ಹಾಕಿಸಿ, ಆಮೇಲೆ ಸೀಲ್ ಕೂರಿಸಿ. ಮೆಕ್ಯಾನಿಕ್ಕಿಗೆ ಅವಸರ ಇದ್ದರೂ, ನಿಮಗೆ ಇರದಿರಲಿ.