ಲಂಡನ್ನಿನಿಂದ ಉಳಿದು ಬಂದದ್ದು

ಪರದೇಶದ ವಾಸ ಮನುಷ್ಯನ ಹವ್ಯಾಸ, ಅಭ್ಯಾಸಗಳನ್ನು ಬದಲಿಸುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ಆದರೆ ಹಾಗೆ ಬದಲಾದದ್ದರಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಉದುರಿಹೋಗುತ್ತದೆ? ಉತ್ತರಕ್ಕಾಗಿ ಹೆಚ್ಚುಕಡಿಮೆ ನಿಮ್ಮದೇ ವಯಸ್ಸಿನ ಒಬ್ಬ ವಿದ್ಯಾರ್ಥಿಯ ಬದುಕನ್ನು ನೋಡೋಣ.

1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದಾಗ ಮೋಹನದಾಸ ಕರಮಚಂದ ಗಾಂಧಿಗೆ ಇನ್ನೂ 19 ತುಂಬಿರಲಿಲ್ಲ. ಬ್ಯಾರಿಸ್ಟರ್ ಆಗಲು ಲಂಡನ್ನಿಗೆ ಹೊರಟಿದ್ದ ಆ ತರುಣ ಮದ್ಯ, ಮಾಂಸ ಮತ್ತು ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ತಾಯಿ ಪುತಲೀಬಾಯಿಯವರಿಗೆ ಮಾತು ಕೊಟ್ಟಿದ್ದ.

ಮೊದಲ ಕಷ್ಟ ಊಟದ್ದು. ಸಸ್ಯಾಹಾರ ಸಿಗುವ ಜಾಗ ಹುಡುಕುತ್ತ ದಿನಕ್ಕೆ ಹತ್ತು ಹನ್ನೆರಡು ಮೈಲಿ ಸುತ್ತಿ, ಅಗ್ಗದ ಹೋಟೆಲಿನಲ್ಲಿ ಬ್ರೆಡ್ಡು ತಿಂದು ಅರೆಹೊಟ್ಟೆಯಲ್ಲಿ ಮರಳುವುದು ನಿತ್ಯದ ಪಾಡಾಯಿತು. ಕೊನೆಗೆ ಫ್ಯಾರಿಂಗ್‌ಡನ್ ಸ್ಟ್ರೀಟಿನಲ್ಲಿ ಸಸ್ಯಾಹಾರದ ಹೋಟೆಲೊಂದು ಕಣ್ಣಿಗೆ ಬಿತ್ತು. ಅಲ್ಲೇ ಒಂದು ಶಿಲ್ಲಿಂಗ್ ಕೊಟ್ಟು, ಹೆನ್ರಿ ಸಾಲ್ಟ್ ಎಂಬ ಇಂಗ್ಲಿಷ್ ಲೇಖಕರು ಸಸ್ಯಾಹಾರದ ಪರವಾಗಿ ಬರೆದ ಪುಸ್ತಕವನ್ನು ಕೊಂಡರು. ಇಲ್ಲಿ ಒಂದು ಅಂಶವನ್ನು ಗಮನಿಸಿ. ಅಲ್ಲಿಯವರೆಗೆ ಅವರು ಮಾಂಸ ಬಿಟ್ಟಿದ್ದುದು ತಾಯಿಗೆ ಕೊಟ್ಟ ಮಾತಿಗಾಗಿ; ಓದಿದ ಮೇಲೆ ಸಸ್ಯಾಹಾರ ಅವರದೇ ಆಯ್ಕೆಯಾಯಿತು. ಹುಟ್ಟಿದ ಮನೆಯ ಪದ್ಧತಿಗೆ ಕಾರಣ ಸಿಕ್ಕಿದ್ದು ಪರದೇಶದಲ್ಲಿ.

ಇದರ ಜೊತೆಗೇ ಶೋಕಿಯ ಕಾಲವೂ ಬಂತು. ಊಟದಲ್ಲಿ ಎಲ್ಲರಂತಿಲ್ಲದ ಕೊರತೆಯನ್ನು ನಡೆನುಡಿಯ ನಾಜೂಕಿನಿಂದ ತುಂಬಿಕೊಳ್ಳಬೇಕೆಂಬ ಹಟ. 19 ಶಿಲ್ಲಿಂಗಿನ ಎತ್ತರದ ಹ್ಯಾಟು, ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡು ತೆತ್ತು ಹೊಲಿಸಿದ ಸೂಟು. ಟೈ ಕಟ್ಟಿ ಬೈತಲೆ ತೆಗೆಯಲು ಕನ್ನಡಿಯ ಮುಂದೆ ದಿನಕ್ಕೆ ಹತ್ತು ನಿಮಿಷ. ನೃತ್ಯದ ತರಗತಿಗೆ 3 ಪೌಂಡು ಕಟ್ಟಿ, ಮೂರು ವಾರಗಳಲ್ಲಿ ಆರು ಪಾಠ ಕಲಿತರೂ ಪಿಯಾನೋದ ತಾಳಕ್ಕೆ ಹೆಜ್ಜೆ ಕೂಡಲಿಲ್ಲ. ಕಿವಿ ಪಳಗಲೆಂದು ಇನ್ನೊಂದು 3 ಪೌಂಡಿಗೆ ಪಿಟೀಲು ಕೊಂಡರು. ಭಾಷಣ ಕಲೆಗೂ ಒಬ್ಬ ಗುರು ಸಿಕ್ಕರು. ಈ ಮೋಹ ಸುಮಾರು ಮೂರು ತಿಂಗಳಲ್ಲಿ ಇಳಿಯಿತು. ತಾನು ಬಂದದ್ದು ಓದಲು ಎಂಬ ಎಚ್ಚರ ಮೂಡಿ, ಪಾಠಗಳು ನಿಂತು ಪಿಟೀಲು ಮಾರಾಟವಾಯಿತು. ಉಡುಪಿನ ಒಪ್ಪಓರಣ ಮಾತ್ರ ಮುಂದೆಯೂ ಹಲವು ವರ್ಷ ಉಳಿಯಿತು.

ಆದರೆ ಆ ದಿನಗಳಲ್ಲೂ ಒಂದು ಅಭ್ಯಾಸ ತಪ್ಪಿರಲಿಲ್ಲ. ಬಸ್ಸಿನ ಛಾರ್ಜು, ಅಂಚೆವೆಚ್ಚ, ಪತ್ರಿಕೆಯ ಕಾಸು ಯಾವುದನ್ನೂ ಬಿಡದೆ ಬರೆದಿಟ್ಟು, ಮಲಗುವ ಮುನ್ನ ಲೆಕ್ಕ ತಾಳೆ ನೋಡುತ್ತಿದ್ದರು. ಆ ಲೆಕ್ಕವೇ ಅವರ ಕಣ್ಣು ತೆರೆಸಿತು. ಅಣ್ಣ ಕಷ್ಟಪಟ್ಟು ಕಳಿಸುತ್ತಿದ್ದ ಹಣ ಅದು. ಒಂದು ಕುಟುಂಬದೊಡನೆ ವಾಸ ಮಾಡುವುದನ್ನು ಬಿಟ್ಟು, ಕ್ರಮೇಣ ಒಂದೇ ಕೋಣೆಗೆ ಬಂದರು. ಬೆಳಿಗ್ಗೆ ಒಲೆಯ ಮೇಲೆ ಓಟ್ಸ್ ಗಂಜಿ, ರಾತ್ರಿ ಬ್ರೆಡ್ಡು ಮತ್ತು ಕೋಕೋ. ಮಧ್ಯಾಹ್ನ ಮಾತ್ರ ಹೊರಗೆ ಊಟ. ದಿನದ ಊಟದ ಖರ್ಚು 1 ಶಿಲ್ಲಿಂಗ್ 3 ಪೆನ್ಸ್‌ಗೆ ಇಳಿಯಿತು. ಬಸ್ಸಿನ ಹಣ ಉಳಿಸಲು ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ನಡಿಗೆಯ ರೂಢಿ ಶಾಲಾ ದಿನಗಳಿಂದಲೇ ಇತ್ತು; ಲಂಡನ್ ಅದನ್ನು ಗಟ್ಟಿಮಾಡಿತು. ಭಾರತದಲ್ಲಿ ಪತ್ರಿಕೆಯನ್ನೇ ಓದಿರದ ಯುವಕ ಅಲ್ಲಿ ದಿನವೂ ಪತ್ರಿಕೆಗಳ ಮೇಲೆ ಕಣ್ಣಾಡಿಸತೊಡಗಿದ. ಸಭೆಯಲ್ಲಿ ಎದ್ದು ನಿಂತರೆ ಮಾತು ಹೊರಡದಷ್ಟು ಸಂಕೋಚವಿದ್ದರೂ, 1891ರಲ್ಲಿ ‘ದಿ ವೆಜಿಟೇರಿಯನ್’ ಪತ್ರಿಕೆಗೆ ಭಾರತೀಯರ ಆಹಾರ, ಹಬ್ಬಗಳ ಬಗ್ಗೆ ಲೇಖನಗಳನ್ನು ಬರೆದ.

ಬ್ಯಾರಿಸ್ಟರ್ ಆಗಿ 1891ರಲ್ಲಿ ರಾಜಕೋಟೆಗೆ ಮರಳಿದಾಗ ನಡೆದದ್ದೂ ಸ್ವಾರಸ್ಯಕರ. ಮನೆಯಲ್ಲಿ ಚಹಾ, ಕಾಫಿಯ ಬದಲು ಓಟ್ಸ್ ಮತ್ತು ಕೋಕೋ ಜಾರಿಗೆ ತಂದರು. ಮನೆಯವರು ಚಹಾ, ಕಾಫಿಯನ್ನು ಬಿಡಲಿಲ್ಲ. ಕೋಕೋ ಅದರ ಜೊತೆಗೆ ಸೇರಿಕೊಂಡಿತು! ಲಂಡನ್ನಿನಲ್ಲಿ ಖರ್ಚು ಇಳಿಸಿದ ಅದೇ ಆಹಾರ ರಾಜಕೋಟೆಯಲ್ಲಿ ಖರ್ಚು ಏರಿಸಿತು. ಕಾರಣವನ್ನು ಬಿಟ್ಟು ವಸ್ತುವನ್ನಷ್ಟೇ ಹೊತ್ತು ತಂದರೆ ಆಗುವುದು ಹೀಗೆಯೇ.

ವಿಜ್ಞಾನ ಓದಿದವನಾದ್ದರಿಂದ ನನಗೆ ಇದು ಪ್ರಯೋಗಶಾಲೆಯ ಮಾತಿನಂತೆ ಕಾಣುತ್ತದೆ. ವಸ್ತುವಿನ ಗುಣ ತಿಳಿಯಲು ಅದರ ಸುತ್ತಲ ಸ್ಥಿತಿಯನ್ನು ಬದಲಿಸಿ ನೋಡುತ್ತೇವೆ. ಊರು ಬದಲಾದಾಗಲೂ ಹಾಗೆಯೇ. ಮನೆಯಲ್ಲಿ ಕಣ್ಣಿಗೆ ಬೀಳದ ನಮ್ಮ ರೂಢಿಗಳು ಎದ್ದು ಕಾಣುತ್ತವೆ. ಗಾಂಧೀಜಿ ತಮ್ಮ ಆತ್ಮಕಥೆಯನ್ನು ‘ಪ್ರಯೋಗಗಳು’ ಎಂದು ಕರೆದದ್ದು ಸುಮ್ಮನೆ ಅಲ್ಲ. ಆ ಪ್ರಯೋಗದ ಫಲಿತಾಂಶ ಸ್ಪಷ್ಟವಾಗಿದೆ: ಇತರರ ಕಣ್ಣಿಗಾಗಿ ಕಲಿತದ್ದು ಬಹುಮಟ್ಟಿಗೆ ಮೂರು ತಿಂಗಳಲ್ಲಿ ಮುಗಿಯಿತು, ಅಗತ್ಯಕ್ಕಾಗಿ ಕಲಿತದ್ದು ಕೊನೆಯವರೆಗೆ ಬಂತು. ರಾತ್ರಿಯ ಲೆಕ್ಕ ಮುಂದೆ ಲಕ್ಷಾಂತರ ರೂಪಾಯಿಗಳ ಸಾರ್ವಜನಿಕ ನಿಧಿಯನ್ನು ಕಾಯಿತು. ಬರವಣಿಗೆ ‘ಯಂಗ್ ಇಂಡಿಯಾ’, ‘ಹರಿಜನ’ ಪತ್ರಿಕೆಗಳವರೆಗೆ ಬೆಳೆಯಿತು. 1930ರಲ್ಲಿ, 60ರ ವಯಸ್ಸಿನಲ್ಲಿ, ಸಾಬರಮತಿಯಿಂದ ದಂಡಿಗೆ ಸುಮಾರು 240 ಮೈಲಿ ನಡೆದವರನ್ನು ಹಳೆಯ ಚಲನಚಿತ್ರದ ತುಣುಕುಗಳಲ್ಲಿ ನೀವು ನೋಡಿರುತ್ತೀರಿ. ಆ ಚುರುಕು ಹೆಜ್ಜೆಯ ಹಿಂದೆ ಬಸ್ಸಿನ ಕಾಸು ಉಳಿಸಿದ ವಿದ್ಯಾರ್ಥಿಯ ನಡಿಗೆಯೂ ಇದೆ.

ನಿಮ್ಮಲ್ಲಿ ಹಲವರು ನಾಳೆ ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೋಗುವಿರಿ. ಹಾಸ್ಟೆಲ್ಲಿಗೆ ಬಂದವರಿಗೆ ಇದು ಈಗಲೇ ಅನ್ವಯಿಸುತ್ತದೆ. ಹೊಸ ಊರಿನಲ್ಲಿ ಹೊಸದನ್ನು ಕಲಿಯಿರಿ, ಪಿಟೀಲನ್ನೂ ಕಲಿಯಿರಿ; ತಪ್ಪಿಲ್ಲ. ಆದರೆ ಇದನ್ನು ಯಾರಿಗಾಗಿ ಕಲಿಯುತ್ತಿದ್ದೇನೆ ಎಂದು ಒಮ್ಮೆ ಕೇಳಿಕೊಳ್ಳಿ. ಇಂದು ನಾವು ಮಾಡಿದ ಖರ್ಚನ್ನು ಮೊಬೈಲೇ ಬರೆದಿಡುತ್ತದೆ. ಮಲಗುವ ಮುನ್ನ ಅದನ್ನು ತೆರೆದು ನೋಡುವ ಕೆಲಸ ಮಾತ್ರ ಈಗಲೂ ನಮ್ಮದೇ.